ಗುಬ್ಬಿಯ ಅಂಗಿಗೊಂದು ತುಂಡು ಖಣ

“ಏ ಯವ್ವಾ... ಕತ್ತರಿ! ಕತ್ತರಿ!”

ಕೂಗು ಕೇಳಿ ಆದೆಮ್ಮ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಕೊಂಚ ತಡವಾಗಿದ್ದರೂ ಅವಳ ಕೈಯ ಕತ್ತರಿ ಬಾಗಿಲಲ್ಲಿ ನುಗ್ಗಿ ಬಂದವನ ಹೊಟ್ಟೆಗೆ ತಾಗುತ್ತಿತ್ತು. ಅವನೋ ಹಿಂದೆ ಸರಿಯುವ ಭರದಲ್ಲಿ ಹೊಸ್ತಿಲು ಎಡವಿದ. ಬಗಲಲ್ಲಿದ್ದ ಗಂಟು ಜಾರಿ ಬಿಚ್ಚಿಕೊಂಡಿತು.

ಅಂಗಡಿಯ ನೆಲದ ತುಂಬ ಬಟ್ಟೆಯ ತುಂಡುಗಳು! ಹಸಿರು, ಹಳದಿ, ಬದನೆಕಾಯಿ ಬಣ್ಣ, ಚುಕ್ಕಿಯದು, ಪಟ್ಟೆಯದು...

“ಕಣ್ಣು ಕಾಣಂಗಿಲ್ಲೇನ್ರೀ? ಅಂಗಡ್ಯಾಗ ಹಿಂಗ ಬಸ್ಸಿನಂಗ ನುಗ್ತಾರೇನು?”

“ಬಸ್ಸಿನವನೇ ಅದೀನ್ರಿ,” ಎಂದ ಅವನು, ಬಗ್ಗಿ ತುಂಡುಗಳನ್ನು ಆರಿಸುತ್ತ. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕಿವಿಯ ಮೇಲೊಂದು ಪೆನ್ಸಿಲ್ಲು. “ಡ್ರೈವರ್ ಚಹಾ ಕುಡಿಯಾಕತ್ಯಾನ. ಅವನ ಚಹಾ ಮುಗಿಯೋದ್ರಾಗ ನನ್ನ ಕೆಲಸ ಆಗ್ಬೇಕು.”

ಅದು ೧೯೭೯ರ ಬೇಸಿಗೆ. ದೇವದುರ್ಗದ ಬಸ್ ಸ್ಟ್ಯಾಂಡಿಗೆ ಎದುರಾಗಿದ್ದ ಆ ಹೊಲಿಗೆ ಅಂಗಡಿ ಅಮೀರ್ ಬೀಯದು. ಆದೆಮ್ಮ ಗಬ್ಬೂರಿನ ಹುಡುಗಿ. ಅಪ್ಪ ಅವ್ವ ಕುರಿ ಹಿಂಡಿನ ಹಿಂದೆ ಊರೂರು ತಿರುಗುವಾಗ ಅವಳು ಅಜ್ಜಿ ಭೀಮವ್ವನ ಮಗ್ಗುಲಲ್ಲಿ ಕಥೆ ಕೇಳುತ್ತ ಬೆಳೆದವಳು. ಈಗ ದೇವದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದು, ಅಮೀರ್ ಬೀಯ ಕೈಕೆಳಗೆ ಕೆಲಸ ಕಲಿಯುತ್ತಿದ್ದಳು. ಜಂಪರು, ಲಂಗ, ಶಾಲೆಯ ಹುಡುಗರ ಚಡ್ಡಿ... ಹೊಲಿದದ್ದೆಲ್ಲ ಅಷ್ಟೇ. ಕಣ್ಣ ಮುಂದೆ ಮಾತ್ರ ಯಾವಾಗಲೂ ಕಥೆಯೊಳಗಿನ ರಾಣಿಯರು, ಅವರ ಏಳು ಸುತ್ತಿನ ಸೀರೆಗಳು!

“ಕ್ಯಾ ಬಾಬಾ,” ಅಮೀರ್ ಬೀ ಮಶೀನಿನ ಮೇಲಿಂದ ತಲೆಯೆತ್ತಿದಳು. “ಕೌದಿ ಹೊಲಸ್ಬೇಕಾ? ನಮ್ಮಲ್ಲಿ ಕೌದಿ ಹೊಲಿಯಂಗಿಲ್ಲ.”

“ಕೌದಿ ಅಲ್ರಿ ಬೀಬಿ. ಇದು ಆಗ್ಬೇಕು.”

ಅವನು ಚೀಲದಿಂದ ಒಂದು ಪುಸ್ತಕ ತೆಗೆದ. ರಟ್ಟು ಕಿತ್ತುಹೋದ, ನುಣುಪು ಕಾಗದದ ಚಿತ್ರಪುಸ್ತಕ. ಯಾವ ದೇಶದ್ದೋ! ಅಕ್ಷರ ಕನ್ನಡವಲ್ಲ, ತೆಲುಗಲ್ಲ. ಅಮೀರ್ ಬೀ ಒಮ್ಮೆ ನೋಡಿ, “ಉರ್ದೂನೂ ಅಲ್ಲ,” ಎಂದಳು.

“ಬಸ್ಸಿನ್ಯಾಗ ಯಾರೋ ಬಿಟ್ಟು ಹೋಗಿದ್ರು. ಯಾರೂ ಕೇಳಾಕ ಬರ್ಲಿಲ್ಲ. ಮಾನ್ವಿಯೊಳಗ ನಮ್ಮಕ್ಕನ ಮಗಳು ಗುಬ್ಬಿ ಅದಾಳ್ರಿ, ಆಕಿ ಕೈಯಾಗ ಸಿಕ್ತು. ಅವತ್ತಿನಿಂದ ಈ ಹಾಳಿ ಬಿಟ್ಟು ಏಳಂಗಿಲ್ಲ. ಇದೇ ಅಂಗಿ ಬೇಕಂತ!”

ಹಾಳೆಯ ಮೇಲೊಬ್ಬ ಪುಟ್ಟ ಹುಡುಗಿ. ಅಂಗೈಯಲ್ಲಿ ಹಕ್ಕಿ. ಮೈಮೇಲೆ ಎಂಥ ಅಂಗಿ! ಸೊಂಟದಿಂದ ಕೆಳಗೆ ಎಲೆಯಾಕಾರದ ತುಂಡುಗಳು, ಒಂದರ ಮೇಲೊಂದು, ಒಂದೊಂದಕ್ಕೂ ಒಂದೊಂದು ಬಣ್ಣ. ಹಕ್ಕಿಯ ಗರಿಗಳ ಹಾಗೆ. ಕೊರಳಿಗೆ ದುಂಡನೆಯ ಪಟ್ಟಿ.

ಆದೆಮ್ಮನ ಎದೆ ಝಲ್ಲೆಂದಿತು. ‘ಇದು... ಇದು ಅಜ್ಜಿ ಹೇಳತಿದ್ದ ಕಥೀ ಅಲ್ಲೇನು?’

“ಜವಳಕ್ಕ ಹಾಕ್ಬೇಕ್ರಿ,” ಎಂದ ಅವನು. “ಕೂಸಿನ ತಲಿಗೂದಲು ತಗಿಯೋವಾಗ ಸ್ವಾದರಮಾವನ ತೊಡಿ ಮ್ಯಾಲೇ ಕುಂದ್ರಿಸ್ಬೇಕಲ್ಲ, ಅಂಗಿನೂ ಮಾವನದೇ. ಆದ್ರ ಈ ಬಟ್ಟ್ಯಾಗೇ ಆಗ್ಬೇಕು ನೋಡ್ರಿ.”

“ಇದ್ರಾಗೇ ಯಾಕ? ಎಂಥಾ ಬಟ್ಟಿ ಇವು?”

ಅವನು ಬಾಯಿ ತೆರೆಯುವುದಕ್ಕೂ ಹೊರಗೆ ಬಸ್ಸು ‘ಪೋಂ...’ ಎನ್ನುವುದಕ್ಕೂ ಸರಿಹೋಯಿತು. ಆ ಸದ್ದಿನ ನಡುವೆ ಆದೆಮ್ಮನ ಕಿವಿಗೆ ಬಿದ್ದದ್ದು ಇಷ್ಟೇ:

“...ಬ್ಯಾಡಾದ್ದ್ರೀ.”

ಅಷ್ಟು ಹೇಳಿದರೆ ಎಲ್ಲ ಹೇಳಿದಂತೆ ಎಂಬ ಹಾಗೆ ತಲೆಯಾಡಿಸಿ ಅವನು ಓಡಿದ. ಓಡುತ್ತಲೇ ಹಿಂದಿರುಗಿ ಕೂಗಿದ.

“ಗದ್ದೆಪ್ಪ ಅಂತಾರ್ರಿ ನನಗ! ನಾಳಿ ಬರ್ತೀನಿ!”

‘ಬ್ಯಾಡಾದ ಬಟ್ಟಿ! ಮಂದಿ ಒಲ್ಲೆ ಅಂದು ಒಗೆದದ್ದು!’ ಆದೆಮ್ಮ ಒಂದು ತುಂಡನ್ನು ಎತ್ತಿ ಹಿಡಿದಳು. ‘ಸರ್ಕಾರಿ ನೌಕರಿ, ಕೈಯಾಗ ಗಡಿಯಾರ. ಅಕ್ಕನ ಮಗಳಿಗಿ ಮಾತ್ರ ಚಿಂದಿ! ಎಂಥಾ ಜಿಪುಣ ಇದ್ದಾನು ಇಂವ...’

ಆದರೂ ಆ ಚಿತ್ರ ಅವಳನ್ನು ಬಿಡಲಿಲ್ಲ.

ನಿಜ ಹೇಳಬೇಕೆಂದರೆ, ಕಿವಿಯ ಮೇಲಿನ ಆ ಪೆನ್ಸಿಲ್ಲೂ ಬಿಡಲಿಲ್ಲ.

* * *

ಗದ್ದೆಪ್ಪ ಮರುದಿನ ಬಂದ. ಅದರ ಮರುದಿನವೂ ಬಂದ. ರಾಯಚೂರಿನಿಂದ ಗಬ್ಬೂರಿನ ಮೇಲೆ ಬರುವ ಬಸ್ಸು ದೇವದುರ್ಗದಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಲ್ಲುತ್ತಿತ್ತು. ಆ ಹೊತ್ತು ಈಗ ಅಮೀರ್ ಬೀಯ ಅಂಗಡಿಯ ಕಟ್ಟೆಗೆ ಸಲ್ಲತೊಡಗಿತು. ಬರುವಾಗೆಲ್ಲ ಜೇಬಿನಿಂದ ಒಂದೋ ಎರಡೋ ತುಂಡು ಹೊರಬೀಳುತ್ತಿದ್ದವು.

“ಇದು ಗಬ್ಬೂರಿಂದು. ಇದು ಯರಗೇರಾದ್ದು, ನಿನ್ನಿ ಆ ಕಡಿ ಡ್ಯೂಟಿ ಬಿದ್ದಿತ್ತು. ಈ ಹಳದಿ ನೋಡ್ರಿ, ಪೋತ್ನಾಳದ ಬಳಿಗಾರ್ತಿದು.”

“ಊರಾಗಿನ ಹಳೀ ಬಟ್ಟಿ ಎಲ್ಲ ನಿಮ್ಮ ಬಸ್ಸೇ ಹತ್ತತಾವೇನ್ರಿ?”

“ಹತ್ತಾವ್ರಿ. ಟಿಕೇಟು ಮಾತ್ರ ತಗೊಳ್ಳಂಗಿಲ್ಲ!”

ಆದೆಮ್ಮ ನಗಬಾರದೆಂದು ತುಟಿ ಕಚ್ಚಿದಳು. ನಗು ಬಂದೇಬಿಟ್ಟಿತು.

“ಅಳತಿ ಎಲ್ಲಿ? ಅಳತಿ ಇಲ್ಲದಾ ಹೆಂಗ ಕತ್ತರಿಸ್ಲಿ?”

ಗದ್ದೆಪ್ಪ ಎದ್ದು ನಿಂತು ತನ್ನ ತೊಡೆಯ ಪಕ್ಕ ಅಂಗೈ ಚಾಚಿದ. “ಇಷ್ಟು. ಚೀಲದ ಪಟ್ಟಿ ಜಗ್ಗಿದ್ರ ಆಕಿ ಕೈಗಿ ಸಿಗ್ತದ. ಅಷ್ಟು ಎತ್ತರ.”

“ಅಗಲ?”

“ಅಗಲ...” ಅವನು ತಲೆ ಕೆರೆದುಕೊಂಡ. “ಎತ್ತಿಕೊಂಡ್ರ ಒಂದು ಕೈಯಾಗ ಆಗ್ತಾಳ್ರಿ.”

ಅಮೀರ್ ಬೀ ದಾರ ಹಲ್ಲಿನಿಂದ ಕಡಿದು ನಕ್ಕಳು. “ವಾಹ್! ಎಂಥಾ ನಾಪು! ಬೇಟಿ, ಬರ್ಕೋ. ಒಂದು ಕೈ!”

ಒಂದು ದಿನ ಅವನೇ ಕೇಳಿದ. “ಈ ಪುಸ್ತಕದಾಗ ಏನ್ ಬರದಾರಂತ ಗುಬ್ಬಿ ಕೇಳ್ತಾಳ್ರಿ. ನನಗೇನು ಗೊತ್ತು? ದಿನಾ ಒಂದು ಸುಳ್ಳು ಹೇಳ್ತೀನಿ.”

“ನನಗ ಗೊತ್ತದ.”

“ಈ ಅಕ್ಷರ ಬರ್ತಾವೇನ್ರಿ ನಿಮಗ!”

“ಅಕ್ಷರ ಯಾಕ ಬೇಕು? ನಮ್ಮಜ್ಜಿ ಹೇಳ್ಯಾಳ.” ಆದೆಮ್ಮನ ಕಣ್ಣು ಎಲ್ಲೋ ತೇಲಿದವು. “ಒಂದೂರಾಗ ಒಂದು ಗುಬ್ಬಿ ಇತ್ತಂತ. ಅದರ ಮರಿಗಿ ಮೈಮ್ಯಾಲ ಒಂದೂ ಪುಚ್ಚ ಇಲ್ಲ. ಚಳಿಗಾಲ ಬಂತು. ಮರಿ ಉಳಿಯಂಗಿಲ್ಲ ಅಂತ ಗುಬ್ಬಿ ಹಕ್ಕಿ ಹಕ್ಕಿ ಮುಂದ ಹೋಗಿ ಒಂದೊಂದು ಪುಚ್ಚ ಕೇಳ್ತು. ಗಿಣಿ ಹಸರು ಕೊಡ್ತು, ಕಾಗಿ ಕರೇದು ಕೊಡ್ತು, ಕೊಕ್ಕರಿ ಬಿಳೇದು...”

ಗದ್ದೆಪ್ಪನ ನಗು ನಿಧಾನವಾಗಿ ಇಳಿಯಿತು. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕುಳಿತ.

“ಆಮ್ಯಾಲ? ಮರಿ ಉಳಿತೇನ್ರಿ?”

“ಅಯ್ಯ, ಕಡೀಕ ಏನಾತು ನನಗ ಗೊತ್ತಿಲ್ಲ. ಆ ಹೊತ್ತಿಗಿ ನನಗ ನಿದ್ದಿ ಬಂದಿರತಿತ್ತು!”

ಅವನು ನಗಲಿಲ್ಲ. “ಕೇಳಿ ಹೇಳ್ರಿ,” ಎಂದ, ಮೆಲ್ಲಗೆ. “ಅಜ್ಜಿಗಿ ಕೇಳಿ ನನಗ ಹೇಳ್ರಿ.”

‘ಒಂದು ಕಥೀಗಿ ಇಷ್ಟ್ಯಾಕ ಮುಖ ಸಣ್ಣ ಮಾಡ್ಯಾನ?’ ಬಸ್ಸು ಹೋದ ಮೇಲೂ ಆದೆಮ್ಮ ಅದನ್ನೇ ಯೋಚಿಸುತ್ತ ಬಟ್ಟೆಯ ಮೇಲೆ ಸೂಜಿ ಆಡಿಸುತ್ತಿದ್ದಳು.

“ಸೂಜಿಗಿ ದಾರ ಪೋಣಿಸಿಲ್ಲ, ಬೇಟಿ,” ಎಂದಳು ಅಮೀರ್ ಬೀ. “ಅಷ್ಟೊತ್ತಿನಿಂದ ಬರೀ ಸೂಜೀಲೇ ಹೊಲಿಯಾಕತ್ತೀದಿ.”

* * *

ಮುಂದಿನ ವಾರ ಅವನು ಗುಬ್ಬಿಯನ್ನೇ ಕರೆತಂದ. ಅಕ್ಕ ಯಂಕಮ್ಮ ಕೂಸಿನೊಂದಿಗೆ ರಾಯಚೂರಿಗೆ ಬಂದಿದ್ದಳಂತೆ. ಕೂಸು ಬಸ್ಸು ಹತ್ತುವ ಹಟ ಹಿಡಿಯಿತಂತೆ.

ಒಂದು ಕೈಯಲ್ಲಿ ಆಗುವ ಕೂಸೇ ಹೌದು! ಎರಡು ವರ್ಷ ದಾಟಿದ, ಜಡೆಗಟ್ಟಿದ ಕೂದಲಿನ, ದೊಡ್ಡ ಕಣ್ಣಿನ ಹುಡುಗಿ. ಮೈಮೇಲೆ ಯಾರದೋ ದೊಡ್ಡ ಹುಡುಗನ ಮಾಸಿದ ಅಂಗಿ, ತೋಳು ಮಡಚಿ ಮಡಚಿ ಮೊಣಕೈಗೆ ತಂದದ್ದು. ಆ ಅಂಗಿಯಲ್ಲೂ ಎರಡು ತೇಪೆ.

ಕೂಸು ಮಶೀನಿನ ಗಾಲಿ ನೋಡಿ ಚಪ್ಪಾಳೆ ತಟ್ಟಿತು. ಆಮೇಲೆ ಆದೆಮ್ಮನ ಮಡಿಲಲ್ಲಿ ಅರ್ಧ ಮುಗಿದಿದ್ದ ಅಂಗಿಯನ್ನು ಕಂಡು, ಬೆರಳು ಚಾಚಿ, ಉಸಿರು ಬಿಗಿಹಿಡಿದು ಹೇಳಿತು.

“ನಂದು!”

“ನಿಂದೇ ನನ್ನವ್ವಾ... ನಿಂದೇ!”

ಅಳತೆ ತೆಗೆಯುವಾಗ ಆದೆಮ್ಮ ಆ ತೇಪೆಗಳ ಮೇಲೆ ಬೆರಳಾಡಿಸಿದಳು. ‘ಈ ಕೂಸಿಗಿ ಒಂದೇ ಒಂದು ಹೊಸಾ ಬಟ್ಟಿ ಹತ್ತಿಲ್ಲ! ಇಂಥಾ ಮಾವ ಇದ್ದೂ...’

ಆ ಸಂಜೆ ಅವಳು ತನ್ನ ತಗಡಿನ ಪೆಟ್ಟಿಗೆ ತೆಗೆದಳು. ತಳದಲ್ಲಿ ಒಂದು ಖಣವಿತ್ತು. ಕುಂಕುಮಗೆಂಪು, ಅಂಚಿನಲ್ಲಿ ಸಣ್ಣ ಜರಿ. ‘ನಿನ್ನ ಮದುವಿಗಿ ಕುಪ್ಪಸ ಹೊಲಿಸ್ಕೋ’ ಎಂದು ಭೀಮವ್ವ ಕೊಟ್ಟದ್ದು. ಮಡಿಕೆ ಬಿಚ್ಚದ, ನೀರು ಕಾಣದ ಬಟ್ಟೆ.

ಮನಸ್ಸು ಒಮ್ಮೆ ಅಳುಕಿತು. ಆದರೆ ಕಣ್ಣ ಮುಂದೆ ತೇಪೆಯ ಅಂಗಿ ಬಂತು.

ಕತ್ತರಿ ಆಡಿತು.

* * *

ಅಂಗಿ ಮುಗಿದ ದಿನ ಅಮೀರ್ ಬೀ ಅದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಪುಸ್ತಕದ ಚಿತ್ರವೇ ಎದ್ದು ಬಂದಂತಿತ್ತು. ಎಲೆ ಎಲೆಯ ಬಣ್ಣ, ದುಂಡನೆಯ ಕೊರಳಪಟ್ಟಿ. ಎದೆಯ ಮೇಲೆ ಮಾತ್ರ ಚಿತ್ರದಲ್ಲಿಲ್ಲದ ಒಂದು ಕೆಂಪು, ಉರಿಯುವ ದೀಪದ ಹಾಗೆ.

ಗದ್ದೆಪ್ಪ ಅಂಗಿ ಕೈಗೆತ್ತಿಕೊಂಡು ನಕ್ಕ. ಎಲೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಬೆರಳು ಕೆಂಪಿನ ಮೇಲೆ ಬಂದು ನಿಂತಿತು.

“ಇದು... ನಾ ಕೊಟ್ಟಿದ್ದಲ್ಲಲ್ಲ?”

“ಇರ್ಲಿ ಬಿಡ್ರಿ.”

“ಹೊಸದೇನ್ರಿ ಇದು?”

“ಹೌದು, ಹೊಸದು!” ಇಷ್ಟು ದಿನ ಒಳಗೇ ಇದ್ದದ್ದು ಹೊರಬಿತ್ತು. “ಬರೀ ಚಿಂದಿ ಉಟ್ಟು ಬೆಳೆದ ಕೂಸು ಅದು. ಜವಳದ ದಿನಕ್ಕರ ಒಂದು ಹೊಸಾ ತುಂಡು ಇರ್ಲಿ ಅಂದೆ. ಕೈಯಾಗ ಗಡಿಯಾರ ಕಟ್ಟೋರಿಗಿ ಒಂದು ಗಜ ಬಟ್ಟಿ ಭಾರ ಆತೇನ್ರಿ?”

ಗದ್ದೆಪ್ಪ ಕೆಂಪಿನ ಮೇಲಿದ್ದ ಬೆರಳು ಹಿಂದಕ್ಕೆಳೆದುಕೊಂಡ.

“ನಿಮಗ ಹೇಳಿದ್ದೆ ನಾನು.”

“ಏನ್ ಹೇಳಿದ್ರಿ? ಹೇಳಿದ್ರಿ, ಕೇಳೀನಿ! ಕೇಳೇ ಹೊಲಿದೀನಿ.”

“ಕೇಳಿನೂ...” ಅವನು ಅಂಗಿಯಿಂದ ಕಣ್ಣೆತ್ತಿದ. “ಕೇಳಿನೂ ಇದನ್ನ ಹಾಕಿದ್ರೇನ್ರಿ? ನಿಮಗ ಇದು ಚಿಂದಿ. ಅಷ್ಟೇ ಹೌದಲ್ಲ? ಬಿಚ್ಚಿ ತಗೀರಿ ಅದನ್ನ.”

“ಬಿಚ್ಚಂಗಿಲ್ಲ!”

ಹೊರಗೆ ಬಸ್ಸು ಕೂಗಿತು. ಗದ್ದೆಪ್ಪ ಅಂಗಿಯನ್ನು ಮಶೀನಿನ ಮೇಲಿಟ್ಟ. ಎಸೆಯಲಿಲ್ಲ, ಮಡಚಿಯೇ ಇಟ್ಟ. ಆಮೇಲೆ ತಿರುಗಿ ನೋಡದೆ ಹೋದ.

ಆವತ್ತಿನಿಂದ ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು, ಹೋಗುತ್ತಿತ್ತು. ಕಂಡಕ್ಟರ್ ಮಾತ್ರ ಇಳಿಯುತ್ತಿರಲಿಲ್ಲ. ಕಿಟಕಿಯ ಆ ಪಕ್ಕದ ಸೀಟಿನಲ್ಲಿ ಬೆನ್ನು ಮಾಡಿ ಕೂತಿರುತ್ತಿದ್ದ.

‘ಹೋಗ್ಲಿ! ಜಿಪುಣಗ ಸಿಟ್ಟು ಬಂದ್ರ ನನಗೇನು?’ ಎಂದುಕೊಂಡಳು ಆದೆಮ್ಮ. ಹಾಗೆಂದುಕೊಂಡು, ಒಂದು ಜಂಪರಿನ ಎರಡೂ ತೋಳನ್ನು ಒಂದೇ ಬದಿಗೆ ಹೊಲಿದಳು!

ಅಮೀರ್ ಬೀ ಆ ಜಂಪರನ್ನು ಎತ್ತಿ ಹಿಡಿದಳು. “ಇದು ಯಾರ ನಾಪು? ಒಂದೇ ಕಡಿ ಎರಡು ಕೈ ಇರೋ ಔರತ್ ನಮ್ಮೂರಾಗ ಯಾರದಾಳ?” ಆಮೇಲೆ ದನಿ ತಗ್ಗಿಸಿದಳು. “ನಾಳಿ ಶುಕ್ರವಾರ, ಜುಮ್ಮಾ, ಅಂಗಡಿ ಬಂದ್. ಗಬ್ಬೂರಿಗಿ ಹೋಗಿ ಅಜ್ಜಿ ಮಾರಿ ನೋಡ್ಕೊಂಡ್ ಬಾ. ಆ ಅಂಗೀನೂ ಒಯ್ಯಿ. ಅದು ಇಲ್ಲಿದ್ರ ನೀ ಕೆಲಸ ಮಾಡಂಗಿಲ್ಲ.”

* * *

ಭೀಮವ್ವನ ಕಣ್ಣು ಮಂಜಾಗಿದ್ದವು. ಅಂಗಿಯನ್ನು ಅವಳು ಬೆರಳಿನಿಂದ ನೋಡಿದಳು. ಒಂದೊಂದು ಎಲೆಯನ್ನೂ ಹೆಬ್ಬೆಟ್ಟಿನಿಂದ ಸವರಿ, ಕೇಳಿದಳು.

“ಕೂಸಿನ ಹೆಸರು ತಿಪ್ಪವ್ವನೇನು?”

“ಇಲ್ಲಬೇ ಅಜ್ಜಿ, ಗುಬ್ಬಿ ಅಂತಾರ.”

“ಕರಿಯೋದು ಗುಬ್ಬಿ. ಇಟ್ಟಿದ್ದು ತಿಪ್ಪವ್ವನೇ ಇರ್ಬೇಕು. ಎಷ್ಟು ಮನಿ ಬೇಡ್ಯಾರ ಪಾಪ!”

“ಬೇಡ್ಯಾರ?”

“ಮತ್ತ? ಬೇಡಿದ ಅರಿವಿ ಅಲ್ಲೇನು ಇದು? ಮೊದಲಿನ ಕೂಸು ಉಳಿಲಿಲ್ಲ ಅಂದ್ರ, ಆಮ್ಯಾಲ ಹುಟ್ಟಿದ್ದನ್ನ ತಿಪ್ಪಿ ಮ್ಯಾಲ ಉಳ್ಳಾಡಿಸಿ ಎತ್ತತಾರ. ಸಾವಿನ ಕಣ್ಣು ಬೀಳಬಾರ್ದಂತ ಹೆಸರೂ ಹಂಗೇ ಇಡ್ತಾರ. ತಮ್ಮ ರೊಕ್ಕದಾಗಿಂದು ಒಂದು ನೂಲು ಹಾಕಂಗಿಲ್ಲ. ಮಂದಿ ಮನಿ ಮುಂದ ಸೆರಗೊಡ್ಡಿ ಬೇಡಿದ್ದೇ ಅದಕ್ಕ ಅರಿವಿ. ಜವಳ ಆಗೋ ತನಕ. ನಿಮ್ಮಪ್ಪಗೂ ನಾ ಹಂಗೇ ಬೇಡೇ ಹೊಚ್ಚೀನಿ.”

ಆದೆಮ್ಮ ಅಂಗಿಯ ಎಲೆಗಳನ್ನೇ ನೋಡಿದಳು.

ಬಸ್ಸಿನ ಹಾರ್ನು... ಆ ‘ಪೋಂ’ ಸದ್ದು... ಅವನ ತುಟಿ...

‘ಬ್ಯಾಡಾದ್ದ್ರೀ ಅಂದಿರ್ಲಿಲ್ಲ. ಬೇಡಿದ್ದ್ರೀ ಅಂದಿದ್ದ!’

ಬೇಡಿದ್ದು. ಈ ಸೀಮೆಯಲ್ಲಿ ಆ ಒಂದು ಮಾತು ಸಾಕು. ಕೇಳಿದವರು ಮುಂದಿನದನ್ನು ಕೇಳುವುದಿಲ್ಲ, ಹೇಳುವವರು ಹೇಳುವುದಿಲ್ಲ. ಉಳಿಯದ ಕೂಸಿನ ಮಾತು ಇರುವ ಕೂಸಿನ ಬಟ್ಟೆಯ ಮುಂದೆ ಯಾರೂ ಎತ್ತುವುದಿಲ್ಲ. ಅದಕ್ಕೇ ಅವನು ಅಷ್ಟೇ ಹೇಳಿ ತಲೆಯಾಡಿಸಿದ್ದ.

“ಅಜ್ಜೀ...” ಆದೆಮ್ಮ ಅಳುತ್ತ ಅಜ್ಜಿಯ ತೊಡೆಗೆ ಮುಖ ಒತ್ತಿದಳು. “ಸರ್ಕಾರಿ ನೌಕರಿ ಇದ್ದವ, ಬಸ್ಸಿನ್ಯಾಗ ಹತ್ತಿದೋರ ಮುಂದ ಕೈಯೊಡ್ಡಿ ಬೇಡ್ಯಾನ. ಅದಕ್ಕ ನಾ ಚಿಂದಿ ಅಂದೆ! ಕೇಳದಾ ಹೊಸಾ ಖಣ ಹಚ್ಚಿದೆ!”

ಭೀಮವ್ವ ಅವಳ ತಲೆ ಸವರಿದಳು. ಆಮೇಲೆ ಅಂಗಿಯ ಎದೆ ಮುಟ್ಟಿದಳು.

“ಇದು ನಾ ಕೊಟ್ಟ ಖಣ ಅಲ್ಲೇನ? ಇದನ್ನ ಕತ್ತರಿಸಿದಿ ಅಂದ್ರ... ಯಾರಂವ?”

“ಕಂಡಕ್ಟರು. ಗದ್ದೆಪ್ಪ ಅಂತ.”

“ಹೆಸರು ನಮ್ಮ ಮಂದಿದೇ ಆತು. ಕುರಿ ಬಿಟ್ಟು ಬಸ್ ಕಾಯಾಕತ್ಯಾನೇನು?”

ಅಳುವಿನ ನಡುವೆಯೂ ಆದೆಮ್ಮನಿಗೆ ನಗು ಬಂತು. ಆಗ ಇನ್ನೊಂದು ನೆನಪಾಯಿತು.

“ಅಜ್ಜಿ, ಆ ಪುಚ್ಚ ಇಲ್ಲದ ಮರಿ ಕಥಿ... ಕಡೀಕ ಏನಾತು?”

“ಎಷ್ಟು ಸಲ ಹೇಳೀನಿ!”

“ಪ್ರತಿ ಸಲ ನಿದ್ದಿ ಬಂದಿತ್ತು.”

“ಹೂಂ. ಎಲ್ಲಾ ಹಕ್ಕಿಗಿ ಕೇಳಿದ ಗುಬ್ಬಿ ನವಿಲಿಗಿ ಮಾತ್ರ ಕೇಳಲೇ ಇಲ್ಲ. ಅಷ್ಟು ಚಂದದ್ದು, ಹೆಂಗ ಕೇಳ್ಲಿ ಅಂತ ನಾಚಿಕಿ. ನವಿಲಿಗೋ ಕೊಡಬೇಕಂತ ಆಸಿ. ಗುಬ್ಬಿ ಇಲ್ಲದಾಗ ಬಂದು ಮರಿ ಎದಿಗಿ ಒಂದು ಪುಚ್ಚ ಸಿಗಸಿ ಹೋತು. ಹತ್ತಲಿಲ್ಲ. ಗಾಳಿಗಿ ಹಾರಿ ಹೋತು. ಮತ್ತ ಸಿಗಸ್ತು. ಮತ್ತ ಹಾರ್ತು. ಆಮ್ಯಾಲ ನವಿಲು ಏನ್ ಮಾಡ್ತು ಗೊತ್ತೇನು? ಸೀದಾ ಹೋಗಿ ಗುಬ್ಬಿ ಗೂಡಿನ ಮುಂದ ಕುಂತು, ‘ಏ ಗುಬ್ಬಿ, ನನಗ ಕೇಳು’ ಅಂತು.”

“ಕೇಳ್ತಾ?”

“ನೀನೇ ಹೋಗಿ ನೋಡು.”

ಆದೆಮ್ಮ ಸೂಜಿ ತೆಗೆದುಕೊಂಡು ಕೂತಳು. ಕೆಂಪು ಖಣದ ಹೊಲಿಗೆಯನ್ನು ನೂಲು ನೂಲಾಗಿ ಬಿಚ್ಚಿದಳು. ಗುಬ್ಬಿಯ ಅಂಗಿಯ ಎದೆ ಬರಿದಾಯಿತು.

* * *

ಮರುದಿನ ಗಬ್ಬೂರಿನಲ್ಲಿ ಅವಳು ಹತ್ತಿದ್ದು ಅವನ ಬಸ್ಸನ್ನೇ. ಬೇರೆ ಬಸ್ಸೊಂದು ಬಂದಿತ್ತು, ಬಿಟ್ಟಳು.

ಸೀಟಿನ ತುಂಬ ಜನ, ನಡುವೆ ಮೆಣಸಿನಕಾಯಿ ಚೀಲ, ಒಂದು ಕೋಳಿ ಬುಟ್ಟಿ. ಗದ್ದೆಪ್ಪ ಟಿಕೆಟು ಹರಿಯುತ್ತ ಹರಿಯುತ್ತ ಬಂದ. ಅವಳನ್ನು ಕಂಡು ಕೈ ನಿಂತಿತು.

“ಎಲ್ಲಿಗಿ?” ಗುರುತಿಲ್ಲದವರಿಗೆ ಕೇಳುವ ದನಿ.

“ದೇವದುರ್ಗ.”

ಟಿಕೆಟು ಕೊಟ್ಟು ಮುಂದೆ ಹೋಗಲಿದ್ದ. ಆದೆಮ್ಮ ಮಡಿಲ ಗಂಟು ಬಿಚ್ಚಿ ಅಂಗಿ ಹರವಿದಳು. ಎದೆಯ ಜಾಗದಲ್ಲಿ ಬರೀ ತೂತು.

“ಬಿಚ್ಚೀನ್ರಿ.”

ಗದ್ದೆಪ್ಪ ಸೀಟಿನ ಕಂಬಿ ಹಿಡಿದು ನಿಂತ. ಮುಂದೆ ಹೋಗಲಿಲ್ಲ.

“ಅವತ್ತು ನಿಮ್ಮ ಬಸ್ಸು ಕೂಗ್ತು.” ಅವಳ ಕಣ್ಣು ತುಂಬಿದ್ದವು. “ನೀವು ಬೇಡಿದ್ದು ಅಂದ್ರಿ. ನನಗ ಬ್ಯಾಡಾದ್ದು ಅಂತ ಕೇಳಿಸ್ತು. ಒಗೆದ ಬಟ್ಟಿ ಅಂತ ತಿಳಿದೆ... ನೀವು ಜಿಪುಣರು ಅಂತ ತಿಳಿದೆ...”

“ಬ್ಯಾಡಾದ್ದು?” ಗದ್ದೆಪ್ಪ ಬಾಯಿ ತೆರೆದು ನಿಂತ. “ಇಷ್ಟು ದಿನಾ... ಅಯ್ಯೋ ನಮ್ಮಪ್ಪಾ! ನಾನು, ಎಲ್ಲಾ ಗೊತ್ತಿದ್ದೂ ಈಕಿ ನನ್ನ ಬೇಡೋದನ್ನ ಆಡ್ಕೊಂಡ್ಳು ಅಂತ...”

ಪಕ್ಕದ ಸೀಟಿನ ಮುದುಕಿ ಅಂಗಿ ಮುಟ್ಟಿ ನೋಡಿ ಕೂಗಿದಳು. “ಏ ಗದ್ದೆಪ್ಪಾ, ಈ ಚುಕ್ಕಿದು ನಂದಲ್ಲೇನೋ! ನನ್ನ ಸೊಸಿ ಜಂಪರಿಂದು!”

“ಹೌದಬೇ ಯವ್ವಾ, ನಿಂದೇ.”

“ಎದಿ ಮ್ಯಾಲ ಯಾಕ ಖಾಲಿ ಬಿಟ್ಟೀರಿ?”

ಬಸ್ಸಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಕಿವಿ ಇತ್ತಲೇ ತಿರುಗಿದ್ದವು. ಆದೆಮ್ಮ ಸೆರಗಿನ ತುದಿಯ ಗಂಟನ್ನು ಬಿಗಿಹಿಡಿದಳು. ‘ಗೂಡಿನ ಮುಂದ ಬಂದು ಕುಂತಾಗ್ಯಾದ. ಇನ್ನ ಹೇಳೇ ಬಿಡಬೇಕು!’

“ಖಾಲಿ ಯಾಕ ಅಂದ್ರ...” ಅವಳು ಅವನ ಮುಖ ನೋಡಿದಳು. “ಇವ್ರು ಎಲ್ಲಾರ ಮನಿ ಬೇಡ್ಯಾರ. ನನಗೊಬ್ಬಾಕಿಗೇ ಕೇಳಿಲ್ಲ. ಯಾಕ್ರಿ, ನನಗ್ಯಾಕ ಕೇಳ್ಲಿಲ್ಲ?”

ಗದ್ದೆಪ್ಪ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಮತ್ತೆ ಅಲ್ಲೇ ಇಟ್ಟ.

“ನಾಚಿಕಿ ಬಂತ್ರಿ. ಎಲ್ಲಾರ ಮುಂದ ಕೈಯೊಡ್ಡಿದೆ. ನಿಮ್ಮ ಮುಂದ... ಬೇಡೋವ ಆಗಿ ನಿಂದ್ರಾಕ ಮನಸು ಬರ್ಲಿಲ್ಲ.”

“ಈಗ ಕೇಳ್ರಿ.”

“ಇಲ್ಲೇನ್ರಿ? ಎಲ್ಲಾರ ಮುಂದ?”

“ಕೇಳೋ ಗದ್ದೆಪ್ಪಾ!” ಮುದುಕಿ ಗದರಿದಳು. “ನನಗ ಕೇಳೋವಾಗ ನಾಚಿಕಿ ಇರ್ಲಿಲ್ಲ ನಿನಗ!”

ಬಸ್ಸೆಲ್ಲ ಗೊಳ್ಳೆಂದಿತು. ಗದ್ದೆಪ್ಪ ಹೆಗಲ ಚೀಲವನ್ನು ಮುಂದಕ್ಕೆ ಎಳೆದು, ಅದರ ಬಾಯಿ ತೆರೆದು ಅವಳ ಮುಂದೆ ಒಡ್ಡಿದ. ಕಿವಿ ಕೆಂಪಾಗಿದ್ದವು. ದನಿ ಮಾತ್ರ ಸ್ಪಷ್ಟವಾಗಿತ್ತು.

“ನಮ್ಮ ಕೂಸು ಉಳೀಲಿ. ಒಂದು ತುಂಡು ಅರಿವಿ ನೀಡ್ರಿ.”

ಆದೆಮ್ಮ ಸೆರಗಿನ ತುದಿಯಲ್ಲಿ ಕಟ್ಟಿದ್ದ ಕೆಂಪು ಖಣ ಬಿಚ್ಚಿ ಚೀಲದೊಳಗೆ ಹಾಕಿದಳು.

“ಉಳೀತದ್ರಿ,” ಎಂದಳು. “ಮರಿ ಉಳಿತಂತ. ಅಜ್ಜಿಗಿ ಕೇಳೀನಿ.”

* * *

ಜವಳ ಮಾನ್ವಿಯಲ್ಲಿ, ಯಂಕಮ್ಮನ ಮನೆಯ ಅಂಗಳದಲ್ಲಿ ನಡೆಯಿತು. ಆದೆಮ್ಮ ಅಮೀರ್ ಬೀಯ ಜೊತೆ ಬಂದಿದ್ದಳು. ಅಂಗಿ ತೊಡಿಸುವುದು ಹೊಲಿದವರ ಕೆಲಸವೆಂದು ಗದ್ದೆಪ್ಪ ಹೇಳಿ ಕಳಿಸಿದ್ದ.

ಯಂಕಮ್ಮ ಬಾಗಿಲಲ್ಲೇ ಅಂಗಿ ಇಸಿದುಕೊಂಡು ಎದೆಯ ಮೇಲಿನ ಕೆಂಪು ನೋಡುತ್ತ ನಿಂತಳು. ಎರಡು ಕೂಸು ಕಳಕೊಂಡ ತಾಯಿ. ಆದೆಮ್ಮ ಹೊಸ್ತಿಲಾಚೆಯೇ ನಿಂತಳು.

“ಇದು ಹೊಸದದ...”

“ಬೇಡಿದ್ದೇ ಅಕ್ಕಾ,” ಗದ್ದೆಪ್ಪ ಮುಂದೆ ಬಂದ. “ಬಸ್ ತುಂಬ ಮಂದಿ ಮುಂದ ಬೇಡೀನಿ. ಇದೊಂದಕ್ಕ ಬೇಡಿದಂಗ ಯಾವುದಕ್ಕೂ ಬೇಡಿಲ್ಲ.”

ಯಂಕಮ್ಮ ತಮ್ಮನ ಮುಖ ನೋಡಿದಳು. ಆಮೇಲೆ ಆದೆಮ್ಮನ ಮುಖ. ಏನೋ ತಿಳಿದವಳಂತೆ ಅಂಗಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಕರೆದಳು.

“ಬಾ ಯವ್ವಾ. ನೀನೇ ಹಾಕು.”

ಕತ್ತರಿ ಮೊದಲ ಕೂದಲ ಎಳೆ ತೆಗೆದಾಗ ಗುಬ್ಬಿ ಮಾವನ ತೊಡೆಯ ಮೇಲೆ ಚೀರಾಡಿತು. ಬೋಳುತಲೆಗೆ ಗಂಧ ಹಚ್ಚಿದ ಮೇಲೆ, ಹೊಸ ಅಂಗಿ ತೊಟ್ಟ ಮೇಲೆ ಅಳು ನಿಂತಿತು. ಅಂಗಳದ ನಡುವೆ ನಿಂತು ಎಲೆಗಳನ್ನು ಒಂದೊಂದಾಗಿ ಹಿಡಿದು ಹೆಸರು ಹೇಳತೊಡಗಿತು. ಮಾವ ಕಲಿಸಿದ ಪಾಠ!

“ಇದು ಬಳಿ ಅಜ್ಜಿ... ಇದು ಗಬ್ಬೂರು... ಇದು ಮುದುಕಿ...”

“ಈ ಕೆಂಪಂದು?” ಯಂಕಮ್ಮ ಬೇಕೆಂದೇ ಕೇಳಿದಳು. “ಇದು ಯಾರು ಕೊಟ್ಟಿದ್ದು, ನನ್ನ ಗುಬ್ಬೀ?”

ಕೂಸು ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿತು.

“ಅತ್ತಿ!”

ಅಂಗಳದವರೆಲ್ಲ ಗದ್ದೆಪ್ಪನತ್ತ ತಿರುಗಿದರು. ಅತ್ತಿ... ಮಾವನ ಹೆಂಡತಿ!

“ಸುಭಾನಲ್ಲಾ!” ಅಮೀರ್ ಬೀ ಬಾಯಿಗೆ ಸೆರಗು ಹಚ್ಚಿದಳು. “ಕೂಸಿಗಿ ಯಾರು ಹೇಳಿಕೊಟ್ರು ಇದನ್ನ?”

ಗದ್ದೆಪ್ಪ ಮೆಲ್ಲಗೆ ಎದ್ದು ಹೊರಗೆ ಜಾರಿದ. ಅಕ್ಕನ ನಗು ಅವನ ಬೆನ್ನಟ್ಟಿತು. ಆದೆಮ್ಮನಿಗೆ ಎಲ್ಲಿ ನೋಡಬೇಕೋ ತಿಳಿಯದೆ, ನೀರು ಕುಡಿಯುವ ನೆಪ ಮಾಡಿ ಅವಳೂ ಹೊರಬಂದಳು.

ಮನೆಯ ಮುಂದೆಯೇ ರಾಯಚೂರಿನ ರಸ್ತೆ. ಬೇವಿನ ಗಿಡದ ಕೆಳಗೆ ಅವನು ನಿಂತಿದ್ದ. ಇವತ್ತು ಖಾಕಿಯಿಲ್ಲ, ಬಿಳಿ ಅಂಗಿ. ಪೆನ್ಸಿಲ್ಲು ಮಾತ್ರ ಕಿವಿಯ ಮೇಲೇ ಇತ್ತು.

“ಕೂಸಿಗಿ ಸುಳ್ಳು ಕಲಿಸ್ತಾರೇನ್ರಿ?” ಎಂದಳು ಆದೆಮ್ಮ, ನೆಲ ನೋಡುತ್ತ.

“ಸುಳ್ಳಂತ ನೀವು ಅಂದ್ರ ನಾಳಿಯಿಂದ ಬ್ಯಾರೆ ಕಲಿಸ್ತೀನ್ರಿ.”

ಅವಳು ಇನ್ನೂ ನೆಲವನ್ನೇ ನೋಡುತ್ತಿದ್ದಳು. ಕಾಲ ಬೆರಳು ಮಣ್ಣಿನಲ್ಲಿ ಗೆರೆ ಎಳೆಯಿತು.

“ಅದು ನಿಮ್ಮ ಮದುವಿ ಖಣ ಅಂತ ಬೀಬಿ ಹೇಳಿದ್ರು. ನಮ್ಮ ಗುಬ್ಬಿ ಎದಿ ಮ್ಯಾಲ ಹೋತು,” ಎಂದ ಅವನು. “ಅದಕ್ಕ ಬದಲಿ ಒಂದು ಖಣ ತಗೊಂಡು ಅಕ್ಕ ನಿಮ್ಮಜ್ಜಿ ಕಡಿ ಬರ್ತಾಳಂತ. ಆದ್ರ ಅದಕ್ಕೂ ಮೊದಲ ನಾ ನಿಮಗೇ ಕೇಳ್ಬೇಕಲ್ಲ... ಆದೆಮ್ಮಾ, ನಾ ನಿನ್ನ...”

‘ಪೋಂ...!’

ರಾಯಚೂರಿನ ಬಸ್ಸು ಧೂಳೆಬ್ಬಿಸಿಕೊಂಡು ಅವರ ಪಕ್ಕದಲ್ಲೇ ಹಾದುಹೋಯಿತು. ಧೂಳು ಇಳಿದಾಗ ಗದ್ದೆಪ್ಪ ಕಣ್ಣುಜ್ಜಿಕೊಳ್ಳುತ್ತಿದ್ದ. ಆದೆಮ್ಮನ ತುಟಿಯ ಮೇಲೆ ತುಂಟ ನಗು.

“ಏನಂದ್ರಿ? ಕೇಳಿಸ್ಲಿಲ್ಲ. ಬ್ಯಾಡ ಅಂದ್ರ್ಯಾ?”

“ಏ! ಬೇಡಾಕತ್ತೀನಿ ಅಂದೆ!” ಗದ್ದೆಪ್ಪ ಗಾಬರಿಯಿಂದ ಕೂಗಿಬಿಟ್ಟ. “ನಿನ್ನ ಬೇಡಾಕತ್ತೀನಿ!”

ಅಂಗಳದೊಳಗಿಂದ ಅಮೀರ್ ಬೀಯ ನಗು ಕೇಳಿಸಿತು.

ಆದೆಮ್ಮ ಅವನ ಬರಿದಾದ ಎರಡೂ ಕೈಗಳನ್ನು ನೋಡಿದಳು. ಇವತ್ತು ಒಡ್ಡಲು ಚೀಲವಿರಲಿಲ್ಲ. ಅವಳು ತನ್ನ ಕೈಯನ್ನೇ ಅವುಗಳಲ್ಲಿಟ್ಟಳು.

“ನೀಡೀನ್ರಿ,” ಎಂದಳು.